ಚೇಳು ಹುಡುಕುವ ಟಾರ್ಚ್: ಮೂರು ತಿಂಗಳ ಬಳಕೆಯ ನಂತರ

ಮರುಭೂಮಿಯ ಅಂಚಿನ ಮನೆಗೆ ಬಂದ ಮೊದಲ ವಾರವೇ ಸ್ನಾನದ ಮನೆಯಲ್ಲಿ ಚೇಳು ಕಂಡಿತು. ಆಮೇಲೆ ತರಿಸಿದ್ದು ಈ ಅತಿನೇರಳೆ ಟಾರ್ಚ್, 395 ನ್ಯಾನೋಮೀಟರ್ ತರಂಗಾಂತರದ್ದು. ಅತಿನೇರಳೆ ಬೆಳಕು ಬಿದ್ದರೆ ಚೇಳಿನ ಮೈ ಕತ್ತಲಲ್ಲಿ ಹೊಳೆಯುತ್ತದೆ.

ಮೊದಲ ರಾತ್ರಿ ದೀಪಗಳನ್ನೆಲ್ಲ ಆರಿಸಿ ಹಿತ್ತಿಲಿಗೆ ಹೋದೆ. ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಹಸಿರು ಮಿಶ್ರಿತ ನೀಲಿಯಾಗಿ ಏನೋ ಹೊಳೆಯಿತು. ಹತ್ತಿರ ಹೋದರೆ ಕೊಂಡಿ, ಇಕ್ಕಳ, ಎಂಟೂ ಕಾಲು, ಎಲ್ಲವೂ ಬಿಡಿಸಿ ಬರೆದ ಹಾಗೆ! ಹಗಲಲ್ಲಿ ಅದೇ ಗೋಡೆಗೆ ಒರಗಿ ಕುಳಿತು ಪೇಪರ್ ಓದುತ್ತಿದ್ದೆ ಎಂಬುದು ನೆನಪಾಗಿ ಬೆನ್ನು ಜುಮ್ಮೆಂದಿತು. ಅಂದು ಎಣಿಸಿದ್ದು ಹನ್ನೊಂದು.

ದೂರುಗಳೂ ಇವೆ. ಇದರ ನೇರಳೆ ಬೆಳಕು ಬಿಳಿ ಗೋಡೆಯ ಮೇಲೆ ಹರಡಿ ಕಣ್ಣು ಕುಕ್ಕುತ್ತದೆ. ಮತ್ತೆ ಕೊಳ್ಳುವುದಾದರೆ ಕಣ್ಣಿಗೆ ಕಾಣುವ ನೇರಳೆ ಕಡಿಮೆ ಇರುವ 365 ನ್ಯಾನೋಮೀಟರಿನದನ್ನೇ ಕೊಳ್ಳುತ್ತೇನೆ. ಬೆಳದಿಂಗಳಿದ್ದರೆ ಹೊಳಪು ಮಂಕು. ಆಗಷ್ಟೇ ಪೊರೆ ಕಳಚಿದ ಚೇಳು ಹೊಳೆಯುವುದೇ ಇಲ್ಲ, ಅದು ಟಾರ್ಚಿನ ತಪ್ಪಲ್ಲ. ಬ್ಯಾಟರಿ ಬಾಳಿಕೆ ಪರವಾಗಿಲ್ಲ.

ಟಾರ್ಚ್ ತೋರಿಸುತ್ತದೆ, ಹಿಡಿಯುವುದಿಲ್ಲ. ಅದಕ್ಕೆ ಉದ್ದನೆಯ ಚಿಮಟ, ಮುಚ್ಚಳದ ಡಬ್ಬಿ, ಕಾಲಿಗೆ ಬೂಟು ಬೇಕು. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಗೋಡೆಗೆ ಒರಗಿಸಿದ್ದ ಸೌದೆ ರಾಶಿಯನ್ನು ದೂರ ಸಾಗಿಸಿದ ಮೇಲೆ ಒಳಗೆ ಒಂದೂ ಕಂಡಿಲ್ಲ. ಆದರೂ ಬೆಳಿಗ್ಗೆ ಚಪ್ಪಲಿ ಕೊಡವದೆ ಮೆಟ್ಟುವುದಿಲ್ಲ.

ಐದಕ್ಕೆ ನಾಲ್ಕು.