ದರಕಿನ ಜೊತೆ ಉಣುಗನ್ನೂ ಮನೆಗೆ ತಂದೆ

ನಮ್ಮಮ್ಮ ಬೆಟ್ಟ ಹತ್ತಿ ಆರು ವರ್ಷವಾಗಿತ್ತು. ಮಂಡಿನೋವು. ಅಂಗಳ, ಕೊಟ್ಟಿಗೆ, ಹಿತ್ತಿಲ ಬಸಳೆ ಚಪ್ಪರ, ಅಷ್ಟೇ ಅವಳ ಓಡಾಟ. ಆದರೂ ಹೋದ ಫೆಬ್ರವರಿಯಲ್ಲಿ ಮಂಗನ ಕಾಯಿಲೆ ಬಂದಿದ್ದು ಅವಳಿಗೆ. ವಾರಗಟ್ಟಲೆ ಬೆಟ್ಟದಲ್ಲೇ ಇದ್ದ ನನಗೆ ಏನೂ ಆಗಲಿಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ಕಾಯಿಲೆಯಲ್ಲ. ಹಾಗಾದರೆ ಮನೆಯೊಳಗಿದ್ದವಳಿಗೆ ಎಲ್ಲಿಂದ ಬಂತು? ನಾನೇ ಹೆಡಿಗೆಯಲ್ಲಿ ತುಂಬಿ ತಂದಿದ್ದೆ.

ಮಲೆನಾಡಿನವರಿಗೆ ದರಕು ಅಂದರೆ ವಿವರಿಸಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ಒಣಗಿ ಉದುರಿದ ಎಲೆ. ಜನವರಿ ಬಂತೆಂದರೆ ಸೊಪ್ಪಿನ ಬೆಟ್ಟದಲ್ಲಿ ಕಾಲು ಹೂತುಹೋಗುವಷ್ಟು ಬಿದ್ದಿರುತ್ತದೆ. ಅದನ್ನು ಗುಡಿಸಿ, ತುಳಿದು ತುಂಬಿ, ಕೊಟ್ಟಿಗೆಗೆ ತರುತ್ತೇವೆ. ಮೊದಲು ದನಕ್ಕೆ ಹಾಸು, ಆಮೇಲೆ ಅಡಿಕೆ ತೋಟಕ್ಕೆ ಗೊಬ್ಬರ. ಮಳೆಗಾಲಕ್ಕೆ ಬೇಕೆಂದು ಕೊಟ್ಟಿಗೆ ಪಕ್ಕ ಒಂದು ದೊಡ್ಡ ರಾಶಿ. ಅಜ್ಜನ ಕಾಲದಿಂದ ನಡೆದುಬಂದದ್ದು. ಆದರೆ ಈ ಕಾಯಿಲೆ ಹರಡುವ ಮರಿ ಉಣುಗು, ಅಂದರೆ ಉಣ್ಣೆ, ಇರುವುದೂ ಅದೇ ದರಕಿನಲ್ಲಿ, ಅದರ ಕಾಲವೂ ಅದೇ. ನವೆಂಬರಿನಿಂದ ಮೇವರೆಗೆ. ದನದ ಕಿವಿಯಲ್ಲಿ ರಕ್ತ ಹೀರಿ ಊದಿಕೊಂಡು ಕೂತಿರುತ್ತಲ್ಲ, ಆ ಉಣುಗನ್ನು ಹುಡುಕಲು ಹೋದರೆ ಇದು ಸಿಗುವುದಿಲ್ಲ. ಇದು ಎಳ್ಳಿಗಿಂತ ಸಣ್ಣದು.

ಸೂಚನೆ ಇರಲಿಲ್ಲ ಅಂತ ಹೇಳುವ ಹಾಗೂ ಇಲ್ಲ. ದರಕು ಗುಡಿಸುವ ಮುಂಚಿನ ವಾರ ಬೆಟ್ಟದ ಮೇಲುಭಾಗದಿಂದ ಕೊಳೆತ ವಾಸನೆ ಬರುತ್ತಿತ್ತು. ಹೋಗಿ ನೋಡಿದರೆ ಒಂದು ಮುಸಿಯ, ಕರಿಮೂತಿಯ ಮಂಗ, ಸತ್ತು ಬಿದ್ದಿತ್ತು. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ನೆಲಕ್ಕೆ ಇಳಿಯುತ್ತದೆ. ಅದಕ್ಕೇ ಕೂಡಲೇ ತಿಳಿಸಿ ಅಂತ ಆರೋಗ್ಯ ಇಲಾಖೆಯವರು ಪ್ರತಿ ವರ್ಷ ಮೈಕಿನಲ್ಲಿ ಕೂಗುತ್ತಾರೆ. ತಿಳಿಸಿದರೆ ಬಂದು ಉಣುಗು ಸಾಯಲೆಂದು ಸುತ್ತ ಮೆಲಾಥಿಯಾನ್ ಪುಡಿ ಹಾಕುತ್ತಾರೆ. ನಾನು ತಿಳಿಸಲಿಲ್ಲ. ಫೋನ್ ಮಾಡಿದರೆ ಅವರು ಬರುವುದು, ಪಂಚನಾಮೆ, ಬೆಟ್ಟಕ್ಕೆ ಹೋಗಬೇಡಿ ಅನ್ನುವುದು, ಇದೆಲ್ಲ ಯಾಕೆ ರಗಳೆ ಅನಿಸಿತು. ಅಲ್ಲಿಂದ ಸ್ವಲ್ಪ ದೂರ ಸರಿದು ಗುಡಿಸಿದೆ. ಬುದ್ಧಿವಂತಿಕೆ ನೋಡಿ!

ನಮ್ಮೂರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಡಿಸೆಂಬರಿನಲ್ಲೇ ಡೆಪಾ ಎಣ್ಣೆಯ ಎರಡು ಬಾಟಲಿ ಕೊಟ್ಟು ಹೋಗಿದ್ದರು. ಕೈಕಾಲಿಗೆ ಹಚ್ಚಿಕೊಂಡರೆ ಕೆಲವು ಗಂಟೆ ಉಣುಗು ಹತ್ತಿರ ಬರುವುದಿಲ್ಲ. ಜಿಡ್ಡು, ವಾಸನೆ ಅಂತ ನಾನು ಅದನ್ನು ಬಚ್ಚಲ ಕಿಟಕಿಯ ಮೇಲಿಟ್ಟಿದ್ದೆ. ಆದರೂ ಬೆಟ್ಟದಿಂದ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡುತ್ತಿದ್ದೆ, ಬಟ್ಟೆ ಕುದಿನೀರಿಗೆ ಹಾಕುತ್ತಿದ್ದೆ. ನನ್ನನ್ನು ಬಹುಶಃ ಅದೇ ಉಳಿಸಿತು. ಅಮ್ಮನ ವಿಷಯ ತಲೆಗೇ ಬರಲಿಲ್ಲ. ಅವಳು ದಿನಾ ಸಂಜೆ ಆ ರಾಶಿಯಿಂದ ಎರಡು ತೋಳಿನಲ್ಲಿ ತಬ್ಬಿ ತೆಗೆದು ದನದ ಕಾಲಡಿ ಹರಡುತ್ತಿದ್ದಳು. ಎಣ್ಣೆಯೂ ಇಲ್ಲ, ತೋಳು ಮುಚ್ಚುವ ಅಂಗಿಯೂ ಇಲ್ಲ.

ಒಂದು ರಾತ್ರಿ ಮಂಡಿ ಹಿಂದೆ ತುರಿಕೆ ಅಂದಳು. ಟಾರ್ಚ್ ಹಾಕಿ ನೋಡಿದರೆ ಚುಕ್ಕೆಯಷ್ಟು ಉಣುಗು. ಅವಳೇ ಸುಣ್ಣ ಸವರಿ, ಉಗುರಲ್ಲಿ ಕಿತ್ತು, ಅಲ್ಲೇ ಹೊಸಕಿದಳು. ನಾನೂ ಸುಮ್ನೆ ನೋಡಿಕೊಂಡಿದ್ದೆ. ಇದೂ ತಪ್ಪೇ. ಸುಣ್ಣ, ಸೀಮೆಎಣ್ಣೆ, ಹೊಗೆಸೊಪ್ಪು, ಬೆಂಕಿಕಡ್ಡಿ ಯಾವುದೂ ಬೇಡ. ಕೆರಳಿದರೆ ಅದು ಇನ್ನಷ್ಟು ಜೊಲ್ಲನ್ನು ಗಾಯಕ್ಕೇ ಬಿಡಬಹುದು. ಸಪೂರ ತುದಿಯ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಬರಿಗೈಯಲ್ಲಿ ಹೊಸಕಬಾರದು. ಆಮೇಲೆ ಸೋಪು ಹಾಕಿ ತೊಳೆಯಬೇಕು.

ಆರನೇ ದಿನ ಮಧ್ಯಾಹ್ನ ಊಟ ಮಾಡಿ ಎದ್ದವಳು ಚಳಿ ಅಂತ ಎರಡು ಕಂಬಳಿ ಹೊದ್ದಳು. ಹಣೆ ಸಿಡಿಯುವಷ್ಟು ತಲೆನೋವು, ಸೊಂಟ ಮುಟ್ಟಿಸಿಕೊಳ್ಳುವ ಹಾಗಿಲ್ಲ, ಕಣ್ಣು ಕೆಂಪು. ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ವೈರಲ್ ಫೀವರ್ ಅಂದರು, ನೋವಿಗೆ ಇಂಜೆಕ್ಷನ್ ಕೊಟ್ಟರು. ಬೆಟ್ಟಕ್ಕೆ ಹೋಗಿದ್ದರಾ ಅಂತ ಕೇಳಿದರು. ಇಲ್ಲ ಅಂದೆವು. ನಿಜವೇ ಅಲ್ವಾ, ಅವಳು ಹೋಗಿರಲಿಲ್ಲವಲ್ಲ! ಮೂರನೇ ದಿನ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ನಿಲ್ಲಲಿಲ್ಲ. ಅದೇ ಹೊತ್ತಿಗೆ ಆಶಾ ಅಕ್ಕ ಬಂದರು. ಅಂಗಳದಿಂದಲೇ ದರಕಿನ ರಾಶಿ ನೋಡಿದರು, ಅಮ್ಮನ ಮುಖ ನೋಡಿದರು. "ಎಂಥಾ ಮರಾಯ್ರೆ ನೀವು, ಓದಿದವರು" ಅಂದರು, ಅಷ್ಟೇ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ಪಾಸಿಟಿವ್. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿತ್ತು. ಈ ವೈರಸ್ಸಿಗೆಂದೇ ಔಷಧಿ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ಡ್ರಿಪ್, ರಕ್ತಸ್ರಾವದ ಮೇಲೆ ಕಣ್ಣು, ಅಷ್ಟೇ ಚಿಕಿತ್ಸೆ. ರಕ್ತಸ್ರಾವದ ಭಯ ಇರುವಾಗ ಆಸ್ಪಿರಿನ್, ಡೈಕ್ಲೋಫೆನಾಕ್ ಥರದ ನೋವಿನ ಔಷಧಿ ಕೊಡಲೇಬಾರದಿತ್ತು ಅಂತ ಅಲ್ಲಿ ಹೇಳಿದರು. ಹನ್ನೊಂದು ದಿನ ಆಸ್ಪತ್ರೆ. ಮನೆಗೆ ಬಂದು ಆರಾಮಾದಳು ಅನ್ನುವಾಗ ಎರಡನೇ ಸುತ್ತು ಶುರುವಾಯಿತು. ಮತ್ತೆ ಜ್ವರ, ಕೈ ನಡುಕ, ನನ್ನನ್ನು ಅಪ್ಪನ ಹೆಸರಿನಿಂದ ಕರೆದಳು. ಕೆಲವರಿಗೆ ಹೀಗೆ ಮರುಕಳಿಸುತ್ತದಂತೆ. ಜ್ವರ ಬಿಟ್ಟಿತು ಅಂತ ನಿರಾಳವಾಗಬೇಡಿ.

ಈ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ರಪಂಚದ ವೈದ್ಯಕೀಯ ಪುಸ್ತಕದಲ್ಲೆಲ್ಲ ಕಾಯಿಲೆಗೆ ಆ ಕಾಡಿನದೇ ಹೆಸರಿದೆ. ನಾವು ಮಾತ್ರ "ಉಣುಗು ಕಚ್ಚದೆ ದೊಡ್ಡವರಾದವರು ಯಾರಿದ್ದಾರೆ" ಅಂದುಕೊಂಡೇ ಓಡಾಡುತ್ತೇವೆ. ಮೊದಲು ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ, ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ನಿಮ್ಮ ಮನೆಯಲ್ಲಿ ಈಗ ಯಾರಿಗಾದರೂ ಜ್ವರವಿದ್ದರೆ, ಡಾಕ್ಟರು ಕೇಳಲಿ ಬಿಡಲಿ, ಕೊಟ್ಟಿಗೆಗೆ ಬೆಟ್ಟದ ದರಕು ತಂದಿದ್ದೇವೆ ಅಂತ ನೀವೇ ಹೇಳಿ.

ಈ ವರ್ಷ ದರಕು ತಂದಿಲ್ಲ. ತೋಟದ ಅಡಿಕೆ ಸೋಗೆಯನ್ನೇ ಚೂರು ಮಾಡಿ ಹಾಸುತ್ತಿದ್ದೇನೆ. ಡೆಪಾ ಬಾಟಲಿ ಕೊಟ್ಟಿಗೆ ಬಾಗಿಲಲ್ಲೇ ನೇತಾಡುತ್ತಿದೆ. ಅಮ್ಮ ಎಣ್ಣೆ ಹಚ್ಚಿಕೊಂಡೇ ಒಳಗೆ ಹೋಗುತ್ತಾಳೆ. ಆದರೆ ಸೋಗೆ ಹಾಕಿದ ಗೊಬ್ಬರ ದರಕಿನ ಗೊಬ್ಬರಕ್ಕೆ ಸಮವಲ್ಲ ಅಂತ ಇವತ್ತು ಬೆಳಿಗ್ಗೆಯೂ ಗೊಣಗಿದಳು.