ಬೇಸ್‌ಬಾಲ್‌ನಲ್ಲಿ ಸೋಲುವ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಬೇಕಾ, ಆಡಲಾಗದ ಪಿಚರ್ ಬೇಕಾ?

ಅಮೆರಿಕದ ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಅಭಿಮಾನಿಗಳಿಗೆ ಎರಡೂ ಸಿಕ್ಕವು. ಪ್ಯಾಟ್ರಿಕ್ ಕಾರ್ಬಿನ್‌ಗೆ 6 ವರ್ಷಕ್ಕೆ 14 ಕೋಟಿ ಡಾಲರ್, ಸ್ಟೀಫನ್ ಸ್ಟ್ರಾಸ್‌ಬರ್ಗ್‌ಗೆ 7 ವರ್ಷಕ್ಕೆ 24.5 ಕೋಟಿ. 2019ರ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಗೆಲುವಿನಲ್ಲಿ ಇಬ್ಬರ ಪಾಲೂ ದೊಡ್ಡದು.

ಆಮೇಲೆ ಕಾರ್ಬಿನ್ ಎಡವಿದರು. 2022ರಲ್ಲಿ ಅವರ ಹೆಸರಿಗೆ 19 ಸೋಲು; ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಬಿಟ್ಟುಕೊಟ್ಟದ್ದು ಸರಾಸರಿ 6.31 ರನ್ (ಫೀಲ್ಡಿಂಗ್ ತಪ್ಪಿನಿಂದ ಬಂದ ರನ್ ಬಿಟ್ಟು). ಮೊದಲು ಬ್ಯಾಟರ್‌ಗಳನ್ನು ಏಮಾರಿಸುತ್ತಿದ್ದ ಅವರ ಸ್ಲೈಡರ್‌ಗೆ (ಪಕ್ಕಕ್ಕೆ ತಿರುಗುವ ಎಸೆತ) ಆಗ ಹೊಡೆತದ ಮೇಲೆ ಹೊಡೆತ. ಅವರ ಸರದಿ ಅಂದರೆ ಟಿವಿ ಹಾಕುವ ಮೊದಲೇ ಮೂಡ್ ಹಾಳು, ಅಲ್ವಾ? ಆದರೂ 2021ರಿಂದ 2024ರವರೆಗೆ ಯಾವ ವರ್ಷವೂ ತಂಡದ ಮೊದಲ ಪಿಚರ್ ಆಗಿ 31ಕ್ಕಿಂತ ಕಡಿಮೆ ಪಂದ್ಯ ಶುರು ಮಾಡಲಿಲ್ಲ.

ಸ್ಟ್ರಾಸ್‌ಬರ್ಗ್? ಆ 7 ವರ್ಷದ ಒಪ್ಪಂದದ ನಂತರ ಗಾಯಗಳ ಕಾಟ, ಬರೀ 8 ಪಂದ್ಯ. ಅವರ ಮೇಲೆ ಯಾರೂ ರೇಗಲಿಲ್ಲ. ರೇಗೋಕೆ ಮೈದಾನದಲ್ಲಿ ಇರಬೇಕಲ್ಲ!

ನನ್ನ ಆಯ್ಕೆ ಕಾರ್ಬಿನ್. ಬೈದುಕೊಂಡಾದರೂ ನೋಡಬಹುದು.