ವ್ಹೀಲ್‌ಚೇರ್ ನುಗ್ಗೋ ಬಾಡಿಗೆ ಮನೆ ಹುಡುಕಿಕೊಡೋ ಸರ್ವೀಸ್: ಎರಡು ವರ್ಷ ಬಳಸಿದ ಮೇಲೆ

ಹುಷಾರಿಲ್ಲದವರು, ವಯಸ್ಸಾದವರು ಇರೋ ಮನೆಯವರಿಗೆ ತಕ್ಕ ಮನೆ ಹುಡುಕಿಕೊಡ್ತೀವಿ ಅನ್ನೋರು ಬೆಂಗಳೂರಲ್ಲಿ ಈಗ ಸುಮಾರು ಜನ ಇದ್ದಾರೆ. ನಾನು ತಗೊಂಡಿರೋದರ ಹೆಸರು ಬರೆಯಲ್ಲ, ಪ್ಲಾನ್ ಇನ್ನೂ ನಡೀತಿದೆ. ಫೀಸು, ಆಪ್ ಎಲ್ಲಾ ನೀವೇ ನೋಡಿರ್ತೀರ, ನನಗೆ ಹೇಳ್ಬೇಕಿರೋದು ಅಳತೆ ಟೇಪಿನ ವಿಷಯ.

ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಇಲ್ಲ. ತಿಪಟೂರಿಂದ ಕರ್ಕೊಂಡು ಬಂದಾಗ ನಾವಿದ್ದದ್ದು ಕತ್ರಿಗುಪ್ಪೆಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ. ನಾವೇ ಮನೆ ಹುಡುಕೋಕೆ ಹೋದ್ರೆ ಅಡ್ವಾನ್ಸ್ ಬಾಡಿಗೆ ಎಲ್ಲಾ ಒಪ್ಪಿಗೆ ಆಗಿ, ವ್ಹೀಲ್‌ಚೇರ್ ಅಂದ ತಕ್ಷಣ ಓನರ್ ಮುಖ ಬೇರೆ ಆಗೋದು. ಒಬ್ಬರು ಟೈಲ್ಸ್ ಗೀರು ಬೀಳತ್ತೆ ಅಂದ್ರು. ಇನ್ನೊಬ್ಬರು ನೇರವಾಗೇ ಕೇಳಿದ್ರು, "ಏನಾದ್ರೂ ಹೆಚ್ಚುಕಮ್ಮಿ ಆಗಿ ಧನಿಷ್ಠಾ ಪಂಚಕ ಗಿಂಚಕ ಬಂದ್ರೆ ಮನೆ ಬೀಗ ಹಾಕ್ಬೇಕಲ್ಲಪ್ಪ, ಆ ಬಾಡಿಗೆ ಯಾರು ಕೊಡ್ತಾರೆ?" ಅಮ್ಮ ಬದುಕಿ ಪಕ್ಕದಲ್ಲೇ ಕಾರಲ್ಲಿ ಕೂತಿದ್ರು ಸ್ವಾಮಿ.

ಆಗ ದುಡ್ಡು ಕಟ್ಟಿದ್ದು. ಒಂದು ತಿಂಗಳ ಬಾಡಿಗೆಯಷ್ಟು ಫೀಸು, ಹೊಟ್ಟೆ ಉರೀತು. ಆದ್ರೆ ಅವರು ಕಳಿಸಿದ ಹುಡುಗಿ ಮೊದಲು ನಮ್ಮ ಮನೆಗೇ ಬಂದು ಅಮ್ಮನ ಚೇರಿನ ಅಗಲ ಅಳೆದ್ಲು, ಚಕ್ರದ ಹೊರಗಿನ ಬಳೆ ಸೇರಿ 25 ಇಂಚು. ಆಮೇಲೆ ಅಮ್ಮ ಯಾವ ಕೈ ಊರಿ ಏಳ್ತಾರೆ, ಕಮೋಡ್‌ಗೆ ಯಾವ ಕಡೆಯಿಂದ ತಿರುಗ್ತಾರೆ ಅಂತ ನೋಡ್ಕೊಂಡು ಬರ್ಕೊಂಡ್ಲು. ನಮ್ಮ ಕಡೆ ಬಚ್ಚಲ ಬಾಗಿಲು ಎರಡೂವರೆ ಅಡಿ ಅಂತಾರೆ, ಚೌಕಟ್ಟು ಕಳೆದ್ರೆ ಉಳಿಯೋದು 26 ಇಂಚು ಆಸುಪಾಸು, ಅದರಲ್ಲಿ ಚೇರು ತಳ್ಳಿದ್ರೆ ಬೆರಳು ಜಜ್ಜಿಹೋಗತ್ತೆ. ಸರ್ಕಾರದ ಮಾರ್ಗಸೂಚಿ ಹೇಳೋದು 900 ಮಿಲಿಮೀಟರ್, ಅಂದ್ರೆ 35 ಇಂಚು. ರ‍್ಯಾಂಪ್ ಲೆಕ್ಕಾನೂ ಅವಳೇ ಹೇಳಿದ್ದು, ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. ಒಂದೂವರೆ ಅಡಿ ಜಗಲಿ ಇದ್ರೆ 18 ಅಡಿ ರ‍್ಯಾಂಪ್ ಬೇಕು, ಅಷ್ಟು ಜಾಗ ಸೈಟಲ್ಲೇ ಎಲ್ಲಿರತ್ತೆ? ಅಪಾರ್ಟ್‌ಮೆಂಟಲ್ಲಿ ರ‍್ಯಾಂಪ್ ಇದೆ ಅಂತ ತೋರಿಸೋದೆಲ್ಲ ಸ್ಕೂಟರ್ ಹತ್ತಿಸೋಕೆ ಮಾಡಿರೋ ಜಾರುಬಂಡೆ.

ಕೊನೆಗೆ ಗಿರಿನಗರದಲ್ಲಿ ಗ್ರೌಂಡ್ ಫ್ಲೋರ್ ಸಿಕ್ತು, ಬಾಡಿಗೆ 22,000, ಮೆಟ್ಟಿಲು ಬರೀ ಒಂಬತ್ತು ಇಂಚು, ಕಾರು ನಿಲ್ಸೋ ಜಾಗದಲ್ಲಿ ಒಂಬತ್ತು ಅಡಿ ರ‍್ಯಾಂಪ್ ಕೂತ್ಕೊಂಡ್ತು. ಬಚ್ಚಲ ಚೌಕಟ್ಟು ತೆಗೆಸಿ ಗೋಡೆ ಸ್ವಲ್ಪ ಒಡೆದು ಸ್ಲೈಡಿಂಗ್ ಬಾಗಿಲು ಹಾಕೋಕೆ ಓನರನ್ನ ಒಪ್ಪಿಸಿದ್ದೂ ಅವಳೇ. ಖರ್ಚು ನಮ್ಮದು, ಬಿಡೋವಾಗ ಮೊದಲಿನ ಹಾಗೆ ಮಾಡಿಕೊಡ್ಬೇಕು, ಅಗ್ರಿಮೆಂಟಲ್ಲೇ ಬರೆಸಿದ್ಲು.

ಈಗ ಬೆಳಗ್ಗೆ ಆಯಾ ಬರೋಕ್ ಮುಂಚೆ ಅಮ್ಮನ್ನ ರ‍್ಯಾಂಪಿನ ತುದಿವರೆಗೂ ತಂದು ಬ್ರೇಕ್ ಹಾಕ್ತೀನಿ. ತುಳಸಿ ಕುಂಡ ಚೇರಿನ ಎತ್ತರಕ್ಕೆ ಸ್ಟೂಲ್ ಮೇಲಿದೆ, ಎಡಗೈಲಿ ಚೊಂಬು ಹಿಡಿದು ನೀರು ಹಾಕ್ತಾರೆ, ಅರ್ಧ ಕುಂಡಕ್ಕೆ ಅರ್ಧ ಸೀರೆಗೆ. ಕಾಫಿ ಮುಗಿಯೋ ಹೊತ್ತಿಗೆ ಸೊಪ್ಪಿನವಳು ಬರ್ತಾಳೆ, ದಂಟಿನ ಸೊಪ್ಪು ಎಳೇದಾ ಅಂತ ಅಮ್ಮ ಉಗುರಲ್ಲಿ ಮುರಿದು ನೋಡಿ ಚೌಕಾಸಿ ಶುರು. ಮಾತು ತೊದಲತ್ತೆ, ರೇಟು ಮಾತ್ರ ಸ್ಪಷ್ಟ.

ಇಲ್ಲಿಗೆ ನಿಲ್ಲಿಸಿದ್ರೆ ಐದು ಸ್ಟಾರ್. ಎರಡನೇ ವರ್ಷ ರಿನ್ಯೂವಲ್ ಕಟ್ಟಿಸ್ಕೊಂಡ್ರು, ಆ ಹುಡುಗಿ ಕೆಲಸ ಬಿಟ್ಟಿದ್ಲು. ಓನರ್ ಮಗ ವಾಪಸ್ ಬರ್ತಾನಂತೆ, ಇನ್ನೊಂದು ಮನೆ ನೋಡ್ಕೊಳಿ ಅಂದಾಗ ಫೋನ್ ಮಾಡಿದ್ರೆ ಹೊಸಬ ವಾಟ್ಸಾಪಲ್ಲಿ ಫೋಟೋ ಕಳಿಸ್ತಾನೆ. ಬಾಗಿಲು ಎಷ್ಟಿದೆ ಅಂದ್ರೆ "ಸ್ಟ್ಯಾಂಡರ್ಡ್ ಸೈಜ್ ಸರ್". ನಾನೇ ಟೇಪ್ ಹಿಡ್ಕೊಂಡು ಹೋದೆ, ಇಪ್ಪತ್ನಾಲ್ಕೂವರೆ. ಇನ್ನೊಂದು ಕಡೆ ಲಿಫ್ಟಲ್ಲಿ ಚೇರು ಹಿಡಿಸತ್ತೆ, ತಳ್ಳೋನಿಗೆ ಜಾಗ ಇಲ್ಲ, ಅಮ್ಮ ಒಬ್ಬರೇ ಹೋಗ್ಬೇಕಾ? ಜೊತೆಗೆ ಪ್ರತಿ ಕಾಲ್‌ನಲ್ಲೂ ಅಸಿಸ್ಟೆಡ್ ಲಿವಿಂಗ್ ನೋಡಿ ಸರ್ ಅಂತ ಪೀಡಿಸ್ತಾರೆ, ಅಂದ್ರೆ ನೋಡ್ಕೊಳ್ಳೋ ಜನ ಇರೋ ಹಿರಿಯರ ವಸತಿ, ತಿಂಗಳಿಗೆ 65,000. ಅಲ್ಲಿಂದ ನಿಮಗೆ ಕಮಿಷನ್ ಉಂಟಾ ಅಂತ ಕೇಳಿದ್ಮೇಲೆ ಹೌದು ಅಂತ ಒಪ್ಕೊಂಡ್ರು. ಬಾಡಿಗೆ, ಹಗಲು ಆಯಾ, ಮಾತ್ರೆ, ಡೈಪರ್ ಎಲ್ಲಾ ಸೇರಿ ನನ್ನ ಕೈಲಾಗೋದೇ ಐವತ್ತು ಸಾವಿರ, ಅದನ್ನ ಫಾರ್ಮಲ್ಲೇ ಬರೆದು ಕೊಟ್ಟಿದ್ದೀನಿ.

ವೃದ್ಧಾಶ್ರಮ, ಡೇ ಕೇರ್ ಮಾಹಿತಿ ಬೇಕಿದ್ರೆ ಇವರಿಗೆ ದುಡ್ಡು ಕಟ್ಟೋಕ್ ಮುಂಚೆ ಎಲ್ಡರ್‌ಲೈನ್ 14567ಕ್ಕೆ ಮಾಡಿ, ಫ್ರೀ. ಬೆಂಗಳೂರಿನವರಿಗೆ 1090 ಕೂಡ ಇದೆ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಸಿಟಿ ಪೊಲೀಸ್ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ. ಬಾಡಿಗೆ ಮನೆ ಅಲ್ಲಿ ಸಿಗಲ್ಲ, ಅದಕ್ಕೇ ಇಂಥ ಸರ್ವೀಸ್ ಬೇಕಾಗಿರೋದು.

ತಗೊಳ್ಳೋರು ಒಂದೇ ಪ್ರಶ್ನೆ ಕೇಳಿ: ಮನೆಗೆ ಬಂದು ಅಳೆಯೋರು ಯಾರು? ಉತ್ತರ "ಟೀಮ್ ನೋಡ್ಕೊಳತ್ತೆ" ಅಂತ ಬಂದ್ರೆ ಫೋನ್ ಇಡಿ. ನನ್ನ ಮೂರು ಸ್ಟಾರಲ್ಲಿ ಮೂರೂ ಆ ಹುಡುಗಿಗೆ. ಗಿರಿನಗರ, ಹನುಮಂತನಗರ ಕಡೆ 30 ಇಂಚಿಗಿಂತ ಅಗಲದ ಬಚ್ಚಲ ಬಾಗಿಲಿರೋ ಗ್ರೌಂಡ್ ಫ್ಲೋರ್ ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ಯುಗಾದಿವರೆಗೂ ಟೈಮ್ ಇದೆ.